ಮೊದಲು ಕೇಳಿ, ಆಮೇಲೆ ಮಾತಾಡಿ: ಏಕಾಂತ ಪ್ರಾರ್ಥನೆ ಶುರುಮಾಡುವವರಿಗೆ

ಭಾನುವಾರ ಸಭೆ ತಪ್ಪಿಸದವರು, ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಆದವರು, ಸಂಜೆ ಕುಟುಂಬ ಪ್ರಾರ್ಥನೆಗೆ ಕೂರುವವರು ಕೂಡ ಒಂದು ಮಾತು ಹೇಳುವುದುಂಟು: ‘ದೇವರ ಮೇಲೆ ನಂಬಿಕೆ ಇದೆ, ಆದರೆ ಒಬ್ಬನೇ ಪ್ರಾರ್ಥನೆಗೆ ಕೂತರೆ ಎರಡೇ ನಿಮಿಷಕ್ಕೆ ಮಾತು ಮುಗಿದುಹೋಗುತ್ತೆ.’ ಇದು ನಂಬಿಕೆಯ ಕೊರತೆಯಲ್ಲ. ಮಾತನ್ನು ನಾವೇ ಶುರುಮಾಡಬೇಕು ಅಂದುಕೊಂಡಿರುವುದರಿಂದ ಹೀಗಾಗುತ್ತದೆ. ಸತ್ಯವೇದದ (ಬೈಬಲಿನ) ಎಷ್ಟೋ ಕಥೆಗಳನ್ನು ತೆಗೆದು ನೋಡಿದರೆ ಮೊದಲು ಮಾತಾಡಿದ್ದು ದೇವರು. ಅಬ್ರಹಾಮನನ್ನು ಕರೆದದ್ದು ಆತನೇ. ಮೋಶೆಯನ್ನು ಉರಿಯುವ ಪೊದೆಯೊಳಗಿಂದ ಹೆಸರಿಟ್ಟು ಕೂಗಿದ್ದು ಆತನೇ. ಗಲಿಲಾಯ ಸಮುದ್ರದ ದಡದಲ್ಲಿ ಬಲೆ ಬೀಸುತ್ತಿದ್ದವರನ್ನು ಕರೆದವನು ಯೇಸು. ಪ್ರಾರ್ಥನೆ ಎಂದರೆ ಆ ಕರೆಗೆ ನಾವು ಕೊಡುವ ಉತ್ತರ. ಕೇಳಿಸಿಕೊಳ್ಳದೆ ಉತ್ತರ ಕೊಡಲು ಹೊರಟವರಿಗೆ ಮಾತು ಸಾಲದೆ ಬರುವುದು ಸಹಜ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಪ್ರಾರ್ಥನೆಗೇ ಹೆಸರಾದವರು. ಅವರಿಗೂ ವರ್ಷಗಟ್ಟಲೆ ಇದೇ ತೊಂದರೆ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಪ್ರಾರ್ಥನೆಗೆ ಮೊಣಕಾಲೂರಿದರೆ ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಮನಸ್ಸು ಎಲ್ಲೆಲ್ಲೋ ಅಲೆದು, ಆಮೇಲೆ ನಿಜವಾದ ಪ್ರಾರ್ಥನೆ ಶುರುವಾಗುತ್ತಿತ್ತು ಎಂದು ಅವರೇ ಬರೆದಿಟ್ಟಿದ್ದಾರೆ. 1841ರಲ್ಲಿ ಅವರು ಕ್ರಮವನ್ನು ತಿರುಗಿಸಿದರು: ಮೊದಲು ವಾಕ್ಯ ಓದಿ ಧ್ಯಾನಿಸುವುದು, ಅದರೊಳಗಿಂದ ಪ್ರಾರ್ಥನೆಗೆ ಬರುವುದು. ಇಲ್ಲಿ ಹೇಳುವ ಕ್ರಮವೂ ಅದೇ.

ಶುರುಮಾಡುವ ಮುಂಚೆ ಒಂದು ವಿಷಯ ಗಟ್ಟಿಮಾಡಿಕೊಳ್ಳಬೇಕು. ದಿನಕ್ಕೆ 20 ನಿಮಿಷದ ಈ ಪ್ರಾರ್ಥನೆಯಿಂದ ನೀವು ದೇವರ ಮಗನೋ ಮಗಳೋ ಆಗುವುದಿಲ್ಲ. ಅದು ಕ್ರಿಸ್ತನು ಶಿಲುಬೆಯಲ್ಲಿ ಮಾಡಿ ಮುಗಿಸಿದ ಕೆಲಸ. ನಂಬಿಕೆಯಿಂದ ಅದನ್ನು ಕೈಚಾಚಿ ತೆಗೆದುಕೊಳ್ಳುವುದಷ್ಟೇ ನಮ್ಮ ಪಾಲು. ಲೂಕ 15ರಲ್ಲಿ ಯೇಸು ಹೇಳಿದ ಕಥೆಯ ತಂದೆ, ಮನೆ ಬಿಟ್ಟುಹೋಗಿದ್ದ ಮಗ ದೂರದಲ್ಲಿ ಬರುವುದನ್ನು ಕಂಡು ಓಡಿಹೋಗಿ ತಬ್ಬಿಕೊಂಡದ್ದು ಮಗ ತನ್ನ ತಪ್ಪೊಪ್ಪಿಗೆಯ ಮಾತನ್ನು ಹೇಳುವುದಕ್ಕೂ ಮುಂಚೆ. ‘ಯೇಸುವಿನ ನಾಮದಲ್ಲಿ’ ಎಂದು ಪ್ರಾರ್ಥನೆ ಮುಗಿಸುವುದರ ಅರ್ಥ ಇದೇ: ನನ್ನ ಯೋಗ್ಯತೆಯ ಮೇಲಲ್ಲ, ಆತನ ಯೋಗ್ಯತೆಯ ಮೇಲೆ ನಿಂತು ಮಾತಾಡುತ್ತಿದ್ದೇನೆ. ಇದು ಮನಸ್ಸಿಗೆ ಇಳಿಯದಿದ್ದರೆ ಏಕಾಂತ ಪ್ರಾರ್ಥನೆ ಹಾಜರಿ ಪುಸ್ತಕವಾಗುತ್ತದೆ. ಮಾಡಿದ ದಿನ ಹೆಮ್ಮೆ, ತಪ್ಪಿದ ದಿನ ಭಯ.

ಹೊತ್ತು, ಜಾಗ, ಸಾಮಾನು

ಬೆಳಗಿನ ಜಾವವೇ ಆಗಬೇಕೆಂಬ ಕಟ್ಟಳೆ ಇಲ್ಲ. ಮಾರ್ಕ 1:35ರಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದದ್ದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಮುಂದಿನ ಎರಡು ವಚನಗಳನ್ನು ಓದುವವರು ಕಡಿಮೆ: ಸೀಮೋನನೂ ಸಂಗಡಿಗರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದರು. ಆತನ ಏಕಾಂತವನ್ನೂ ಜನ ಬಿಡಲಿಲ್ಲ. ಮಕ್ಕಳ ಡಬ್ಬಿ ಕಟ್ಟುವ ತಾಯಿಗೆ ಬೆಳಿಗ್ಗೆ ಐದೂವರೆಗಿಂತ ಮಕ್ಕಳು ಶಾಲೆಗೆ ಹೋದ ಮೇಲಿನ ಒಂಬತ್ತು ಗಂಟೆ ಒಳ್ಳೆಯದು. ನೈಟ್ ಶಿಫ್ಟ್ ಮಾಡುವವರಿಗೆ ಮನೆಗೆ ಬಂದು ಮುಖ ತೊಳೆದ ಮೇಲಿನ ಹೊತ್ತು. ಯಾವ ಹೊತ್ತು ಅನ್ನುವುದಕ್ಕಿಂತ ದಿನವೂ ಅದೇ ಹೊತ್ತು ಅನ್ನುವುದು ಮುಖ್ಯ. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಇದನ್ನು ಕಟ್ಟಿಬಿಡಿ. ಕಾಫಿ ಕುಡಿದ ಕೂಡಲೇ ಅಂತಿಟ್ಟುಕೊಂಡರೆ ಮರೆಯುವುದಿಲ್ಲ.

ಎರಡು ಕೋಣೆಯ ಮನೆಯಲ್ಲಿ ಐದಾರು ಜನ ಇರುವಲ್ಲಿ ‘ಕೋಣೆಯ ಬಾಗಿಲು ಮುಚ್ಚಿಕೊ’ ಎಂಬ ಮತ್ತಾಯ 6:6ರ ಮಾತು ಕಷ್ಟವೇ. ತಾರಸಿ, ಅಡುಗೆಮನೆಯ ಮೂಲೆ, ಗೋಡೆಗೆ ಮುಖಮಾಡಿ ಹಾಕಿದ ಒಂದು ಕುರ್ಚಿ ಸಾಕು. ದಾರಿಯಲ್ಲಿ ಬಾಗಿಲು ತೆರೆದಿರುವ ಚರ್ಚ್ ಇದ್ದರೆ ಇನ್ನೂ ಒಳ್ಳೆಯದು. ಮನೆಯವರಿಗೆ ಮೊದಲೇ ಹೇಳಿಡಿ, ‘ಇಪ್ಪತ್ತು ನಿಮಿಷ ನನ್ನ ಕರೀಬೇಡಿ’ ಎಂದು. ಹೇಳದೆ ಕೂತು, ಯಾರೋ ಕರೆದಾಗ ರೇಗುವುದಕ್ಕಿಂತ ಅದು ವಾಸಿ.

ಬೇಕಾಗುವುದು ಅಚ್ಚಾದ ಬೈಬಲ್, ನೂರು ಪುಟದ ನೋಟ್‌ಬುಕ್, ಪೆನ್. ಫೋನಿನ ಬೈಬಲ್ ಬಸ್ಸಿನಲ್ಲಿ ಓದಲು ಚೆನ್ನ, ಇಲ್ಲಿ ಬೇಡ. ಒಂದು ಮೆಸೇಜ್ ಬಂದರೆ ಓದುತ್ತಿದ್ದ ಮಾತಿನ ಎಳೆ ಹರಿಯುತ್ತದೆ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಹಳೆಯ ಅನುವಾದದ ಕನ್ನಡ ತೊಡಕೆನಿಸಿದರೆ ಸರಳ ಕನ್ನಡದ ಅನುವಾದ ಇಟ್ಟುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಓದಲು ಬಾರದವರು, ಕಣ್ಣು ಮಂದವಾದವರು ಆಡಿಯೋ ಬೈಬಲಿನಲ್ಲಿ ಅದೇ ಭಾಗವನ್ನು ಮೂರು ಸಲ ಕೇಳಬಹುದು.

20 ನಿಮಿಷವನ್ನು ಹೀಗೆ ಹಂಚಿಕೊಳ್ಳಿ: 2 ನಿಮಿಷ ಸುಮ್ಮನೆ ಕೂರುವುದಕ್ಕೆ, 8 ಓದಿಗೆ, 7 ಪ್ರಾರ್ಥನೆಗೆ, 3 ಬರೆಯುವುದಕ್ಕೆ. ಮೊದಲ ಎರಡು ವಾರ ಒಟ್ಟು 10 ನಿಮಿಷ ಆದರೂ ಸಾಕು. ಉಜ್ಜೀವನ ಕೂಟದಿಂದ ಬಂದ ಹುಮ್ಮಸ್ಸಿನಲ್ಲಿ ‘ದಿನಕ್ಕೆ ಒಂದು ಗಂಟೆ’ ಎಂದು ತೀರ್ಮಾನಿಸಿದವರು ಒಂದು ವಾರ ದಾಟುವುದು ಕಷ್ಟ. ಹಸಿವಾದರೆ ಹೊತ್ತು ತಾನಾಗಿ ಬೆಳೆಯುತ್ತದೆ.

ಏನು ಓದಬೇಕು

ಆದಿಕಾಂಡದಿಂದ ಶುರುಮಾಡಿದವರು ಸಾಮಾನ್ಯವಾಗಿ ಯಾಜಕಕಾಂಡದ ನಿಯಮಗಳಲ್ಲಿ ನಿಂತುಬಿಡುತ್ತಾರೆ. ಮೊದಲ ಸಲಕ್ಕೆ ಮಾರ್ಕನ ಸುವಾರ್ತೆ ತೆಗೆಯಿರಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಘಟನೆಯ ಮೇಲೆ ಘಟನೆ. ದಿನಕ್ಕೊಂದು ಅಧ್ಯಾಯ ಓದಿ ಮುಗಿಸುವ ಅವಸರ ಬೇಡ. ದಿನಕ್ಕೆ ಒಂದೇ ಘಟನೆ, ಎಂಟರಿಂದ ಹದಿನೈದು ವಚನ. ಹಾಗೆ ಹೋದರೆ ಮಾರ್ಕ ಮುಗಿಯಲು ಎರಡು ತಿಂಗಳ ಮೇಲಾಗುತ್ತದೆ, ಆಗಲಿ.

ಜೊತೆಗೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ವಾರಕ್ಕೊಂದು ಕೀರ್ತನೆ ಇಟ್ಟುಕೊಳ್ಳಿ. ಏಳು ದಿನವೂ ಅದೇ ಕೀರ್ತನೆ, ಬಾಯಿಬಿಟ್ಟು. ಕೀರ್ತನೆಗಳು ದೇವರ ವಾಕ್ಯವೂ ಹೌದು, ಮನುಷ್ಯರ ಪ್ರಾರ್ಥನೆಯೂ ಹೌದು. ನಮಗೆ ಮಾತು ಸಾಲದೆ ಬಂದಾಗ ಅವು ಮಾತು ಕೊಡುತ್ತವೆ. ಮೊದಲಿಗೆ 13ನೆಯ ಕೀರ್ತನೆ ಹಿಡಿಯಿರಿ. ಆರೇ ವಚನ, ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂಬ ದೂರು ನಾಲ್ಕು ಸಲ ಬರುತ್ತದೆ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದೇವರ ಮುಂದೆ ದೂರು ಹೇಳಬಹುದು ಅನ್ನುವುದೇ ಎಷ್ಟೋ ಜನರಿಗೆ ಹೊಸ ಸುದ್ದಿ. ಆಮೇಲೆ 23, 51, 130, 131, 139. ಇವುಗಳಲ್ಲಿ ಮೂರನ್ನಾದರೂ ಬಾಯಿಪಾಠ ಮಾಡಿ. ಶಿಲುಬೆಯ ಮೇಲೆ ಉಸಿರು ಕಟ್ಟುವ ಹೊತ್ತಿನಲ್ಲಿ ಯೇಸುವಿನ ಬಾಯಲ್ಲಿ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು. ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ನಮ್ಮ ನೆರವಿಗೆ ಬರುವುದೂ ಹಾಗೆ ಒಳಗೆ ಇಳಿದಿರುವ ಮಾತೇ.

ಓದುವ ಬಗೆ: ಮಾರ್ಕ 10:46–52 ಇಟ್ಟುಕೊಂಡು

ಕೂತ ಮೇಲೆ ಎರಡು ನಿಮಿಷ ಏನೂ ಮಾಡಬೇಡಿ. ಉಸಿರು ನಿಧಾನವಾಗಲಿ. ‘ಕರ್ತನೇ, ಮಾತಾಡು, ಕೇಳುತ್ತಿದ್ದೇನೆ’ ಎಂದು ಬಾಲಕ ಸಮುವೇಲನಂತೆ ಒಂದು ಮಾತು ಸಾಕು. ಆಗ ನೆನಪಾಗುವ ಕೆಲಸಗಳನ್ನು (ಗ್ಯಾಸ್ ಬುಕ್ ಮಾಡಬೇಕು, ಫೀಸು ಕಟ್ಟಬೇಕು) ಓಡಿಸಲು ಹೋಗಬೇಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚಿಟ್ಟು ಮರಳಿ ಬನ್ನಿ.

ಮೊದಲ ಸಲ ಸುಮ್ಮನೆ ಓದಿ: ಏನು ನಡೆಯಿತು? ಯೆರಿಕೋ ಊರಿನಿಂದ ಯೇಸು ಹೊರಟಿದ್ದಾನೆ, ದೊಡ್ಡ ಗುಂಪು ಹಿಂದಿದೆ. ದಾರಿ ಪಕ್ಕದಲ್ಲಿ ಬಾರ್ತಿಮಾಯನೆಂಬ ಕುರುಡ ಭಿಕ್ಷೆಗೆ ಕೂತಿದ್ದಾನೆ. ಯೇಸು ಬಂದನೆಂದು ಕೇಳಿ ‘ದಾವೀದನ ಕುಮಾರನೇ, ನನ್ನನ್ನು ಕರುಣಿಸು’ ಎಂದು ಕೂಗುತ್ತಾನೆ. ಜನ ಗದರಿಸುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾನೆ.

ಎರಡನೆಯ ಸಲ ನಿಧಾನಕ್ಕೆ, ಸಾಧ್ಯವಾದರೆ ಸಣ್ಣ ದನಿಯಲ್ಲಿ: ಯಾವ ಮಾತು ಎದ್ದು ಕಾಣುತ್ತದೆ? ಅವನು ಮೇಲಿದ್ದ ಬಟ್ಟೆಯನ್ನು ಬಿಸಾಡಿ ಎದ್ದು ಬಂದದ್ದು ಇರಬಹುದು. ಅಥವಾ ಯೇಸು ಕೇಳಿದ ಪ್ರಶ್ನೆ: ‘ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ?’ ಕುರುಡನಿಗೆ ಏನು ಬೇಕೆಂದು ಯಾರಿಗೆ ಗೊತ್ತಿಲ್ಲ? ಆದರೂ ಕೇಳಿದ, ಅವನ ಬಾಯಿಂದಲೇ ಬರಲಿ ಎಂದು. ಪುಟವನ್ನು ಸ್ವಲ್ಪ ಹಿಂದಕ್ಕೆ ನೋಡಿ. 36ನೆಯ ವಚನದಲ್ಲಿ ಯಾಕೋಬ ಯೋಹಾನರಿಗೂ ಯೇಸು ಇದೇ ಪ್ರಶ್ನೆ ಕೇಳಿದ್ದಾನೆ. ಅವರು ಕೇಳಿಕೊಂಡದ್ದು ಬಲಕ್ಕೊಂದು ಎಡಕ್ಕೊಂದು ಕುರ್ಚಿ; ಇವನು ಕೇಳಿಕೊಂಡದ್ದು ಕಣ್ಣು. ಜೊತೆಯಲ್ಲೇ ನಡೆಯುತ್ತಿದ್ದ ಶಿಷ್ಯರಿಗೆ ಕಾಣದ್ದು ದಾರಿ ಪಕ್ಕದ ಕುರುಡನಿಗೆ ಕಂಡಿತ್ತು. ಹೀಗೆ ಅಕ್ಕಪಕ್ಕದ ವಚನಗಳನ್ನು ನೋಡುವ ಅಭ್ಯಾಸವೊಂದಿದ್ದರೆ ದೊಡ್ಡ ವ್ಯಾಖ್ಯಾನ ಗ್ರಂಥ ಇಲ್ಲದೆಯೂ ಬಹಳ ದೂರ ಹೋಗಬಹುದು.

ಮೂರನೆಯ ಸಲ ಓದುವಾಗ ಆ ಪ್ರಶ್ನೆಯನ್ನು ಆತ ನಿಮಗೇ ಕೇಳುತ್ತಿದ್ದಾನೆಂದು ಓದಿ. ಇಲ್ಲಿಗೆ ನಿಲ್ಲಿಸಿ. ಪ್ರಾರ್ಥನೆ ಇಲ್ಲಿಂದಲೇ ಶುರು.

ಉತ್ತರ ಕೊಡುವುದು

1535ರಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೀಟರ್‌ಗೆ ಪ್ರಾರ್ಥನೆ ಮಾಡುವ ಬಗೆಯನ್ನು ಬರೆದುಕೊಟ್ಟ. ಮಹಾ ಪಂಡಿತನೊಬ್ಬ ತನ್ನ ಕ್ಷೌರಿಕನಿಗೆ ಬರೆದದ್ದು, ಹಾಗಾಗಿ ಅದು ಎಲ್ಲರಿಗೂ ನಿಲುಕುತ್ತದೆ. ಅವನು ಹೇಳಿದ ಕ್ರಮ ಇದು: ವಾಕ್ಯವನ್ನು ನಾಲ್ಕು ಎಳೆಯ ಮಾಲೆಯಾಗಿ ಹೆಣೆಯಬೇಕು. ಇದು ನನಗೆ ಏನು ಕಲಿಸುತ್ತದೆ, ಯಾವುದಕ್ಕಾಗಿ ಸ್ತೋತ್ರ ಹೇಳಬೇಕು, ಯಾವ ಪಾಪವನ್ನು ಅರಿಕೆ ಮಾಡಬೇಕು, ಏನನ್ನು ಬೇಡಬೇಕು. ಬಾರ್ತಿಮಾಯನ ಭಾಗಕ್ಕೆ ಅದು ಹೀಗೆ ಬರಬಹುದು:

‘ಯೇಸುವೇ, ಎಲ್ಲರೂ ಸುಮ್ಮನಿರು ಅಂದವನ ಕೂಗಿಗೆ ನೀನು ನಿಂತೆ. ನನ್ನ ಕೂಗಿಗೂ ನಿಲ್ಲುತ್ತೀಯ, ಅದಕ್ಕೆ ಸ್ತೋತ್ರ. ಮೊನ್ನೆ ಕೆಲಸದಲ್ಲಿ ಹೊಸ ಹುಡುಗ ಏನೋ ಕೇಳಲು ಬಂದಾಗ ನಾನೂ ಆ ಜನರ ಹಾಗೆ ಗದರಿಸಿ ಕಳಿಸಿದೆ, ಕ್ಷಮಿಸು. ಇವತ್ತು ಅವನನ್ನು ನಾನೇ ಕರೆದು ಮಾತಾಡಿಸುತ್ತೇನೆ. ನೀನು ಏನು ಬೇಕು ಅಂತ ಕೇಳುತ್ತಿದ್ದೀಯ. ಅಣ್ಣನ ಹತ್ತಿರ ಜಮೀನಿನ ಮಾತು ಎತ್ತಬೇಕು. ಕೋಪ ಬರದ ಹಾಗೆ, ಸುಳ್ಳು ಹೇಳದ ಹಾಗೆ ನೋಡಿಕೊ.’

ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಹುಡುಗ, ಅಣ್ಣ, ಜಮೀನು ಇದ್ದಾರೆ. ‘ನನ್ನ ಪಾಪಗಳನ್ನೆಲ್ಲಾ ಕ್ಷಮಿಸು, ನಮ್ಮೆಲ್ಲರನ್ನೂ ಆಶೀರ್ವದಿಸು’ ಅನ್ನುವ ಪ್ರಾರ್ಥನೆ ತಪ್ಪಲ್ಲ, ಆದರೆ ಅದರಲ್ಲಿ ನಾವು ಅಡಗಿಕೊಳ್ಳಬಹುದು. ಪಾಪವನ್ನು ಹೆಸರಿಟ್ಟು ಹೇಳಿ, ಬೇಡಿಕೆಯನ್ನೂ ಹೆಸರಿಟ್ಟು ಹೇಳಿ. ಮನೆಯಲ್ಲಿ ನಗುವ, ಜಗಳವಾಡುವ, ಅಳುವ ಭಾಷೆಯಲ್ಲೇ ಮಾತಾಡಿ. ಕನ್ನಡವೋ ತುಳುವೋ ಕೊಂಕಣಿಯೋ, ಬೆಂಗಳೂರಿನ ಇಂಗ್ಲಿಷ್ ಆರಾಧನೆಗೆ ಹೋಗುವವರೂ ಏಕಾಂತದಲ್ಲಿ ಮನೆಮಾತಿಗೆ ಮರಳಿದರೆ ಪ್ರಾರ್ಥನೆಯ ಗಂಟು ಸಡಿಲವಾಗುತ್ತದೆ.

ಸಭೆಯಲ್ಲಿ ಪಾಸ್ಟರ್ ಪ್ರಾರ್ಥಿಸುವ ದನಿ, ಏರಿಳಿತ, ‘ಸ್ತೋತ್ರ, ಸ್ತೋತ್ರ’ ಎಂಬ ತುಂಬುಮಾತು ಏಕಾಂತಕ್ಕೂ ಬಂದುಬಿಡುವುದುಂಟು. ನೂರು ಜನರ ಪರವಾಗಿ ಪ್ರಾರ್ಥಿಸುವವರ ಧಾಟಿ ಅದು. ಒಬ್ಬರೇ ಇರುವಾಗ ಅದರ ಅಗತ್ಯವಿಲ್ಲ. ನೀರಿನಲ್ಲಿ ಮುಳುಗುತ್ತಿದ್ದ ಪೇತ್ರನ ಪ್ರಾರ್ಥನೆ ‘ಸ್ವಾಮೀ, ನನ್ನನ್ನು ಕಾಪಾಡು’ ಅಷ್ಟೇ. ಕೊನೆಗೆ ಕರ್ತನ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಬಾಯಿಪಾಠವಾಗಿ ಓಡುತ್ತದೆ ಅನಿಸಿದರೆ ದಿನಕ್ಕೊಂದು ಸಾಲಿನ ಹತ್ತಿರ ನಿಂತುಕೊಳ್ಳಿ; ‘ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವಂತೆ’ ಎಂಬಲ್ಲಿಗೆ ಬಂದ ದಿನ ಹೆಚ್ಚು ಹೊತ್ತು ಬೇಕಾಗಬಹುದು.

ಬರೆಯುವುದು ಮೂರೇ ಸಾಲು: ತಾರೀಖು ಮತ್ತು ಓದಿದ ಭಾಗ, ನಾಟಿದ ಮಾತು, ಇವತ್ತು ಮಾಡಬೇಕಾದ ಒಂದು ಕೆಲಸ. ಮೇಲಿನ ಉದಾಹರಣೆಯಲ್ಲಿ ಆ ಕೆಲಸ ಹುಡುಗನನ್ನು ಮಾತಾಡಿಸುವುದು. ಬೇಡಿಕೆಗಳಿಗೆ ಬೇರೆ ಪುಟ ಇರಲಿ, ಪಕ್ಕದಲ್ಲಿ ಖಾಲಿ ಜಾಗ ಬಿಟ್ಟು. ಉತ್ತರ ಬಂದಾಗ ಅಲ್ಲಿ ತಾರೀಖು ಹಾಕಿ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಸಿಕ್ಕರೆ 16ನೆಯ ಶತಮಾನದ ಸಂತ ಲೊಯೋಲದ ಇಗ್ನೇಷಿಯಸ್ ಕಲಿಸಿದ ದಿನದ ಪರಿಶೀಲನೆ ಮಾಡಬಹುದು. ಸ್ತೋತ್ರ ಹೇಳಿ, ಕಾಣಿಸಿಕೊಡು ಎಂದು ಬೇಡಿ, ಎದ್ದಾಗಿನಿಂದ ದಿನವನ್ನು ಹಿಂದಿರುಗಿ ನೋಡಿ, ಕ್ಷಮೆ ಕೇಳಿ, ನಾಳೆಗೆ ಒಂದು ತೀರ್ಮಾನ. ಕಥೋಲಿಕರಿಗೆ ಇದು ಪರಿಚಿತ, ಉಳಿದವರಿಗೂ ಒಳ್ಳೆಯದೇ.

ಎಲ್ಲಿ ಕೆಡುತ್ತದೆ

ವಚನವನ್ನು ಚೀಟಿಯಂತೆ ಎತ್ತುವುದು. ಹೊಸ ವರ್ಷದ ಆರಾಧನೆಯಲ್ಲಿ ಒಂದು ವಚನ ಬರೆದ ವಾಗ್ದಾನದ ಕಾರ್ಡು ತೆಗೆದುಕೊಳ್ಳುವುದು ಎಷ್ಟೋ ಸಭೆಗಳಲ್ಲಿದೆ, ಸಂತೋಷದ ಸಂಗತಿ. ಆದರೆ ದಿನವೂ ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ವಚನವೇ ಇವತ್ತಿನ ಅಪ್ಪಣೆ ಅನ್ನುವುದು ಕೇಳುವುದಲ್ಲ, ಶಕುನ ನೋಡುವುದು. ಯೆರೆಮೀಯ 29:11 ನಿರೀಕ್ಷೆಯ ಮಾತೆಂದು ಬಹಳ ಮನೆಗಳ ಗೋಡೆಯ ಮೇಲಿದೆ. ಅದರ ಹಿಂದಿನ ವಚನದಲ್ಲಿ ಬಾಬೆಲಿನ ಸೆರೆವಾಸಕ್ಕೆ 70 ವರ್ಷ ತುಂಬಬೇಕು ಎಂದಿದೆ. ಆ ವಾಗ್ದಾನ ಕೇಳಿಸಿಕೊಂಡವರಲ್ಲಿ ಬಹಳ ಜನ ಊರಿಗೆ ಮರಳದೆ ಅಲ್ಲೇ ಕಣ್ಣುಮುಚ್ಚಿದವರು. ಎರಡೂ ವಚನಗಳನ್ನು ಸೇರಿಸಿ ಓದಿದರೆ ಸಮಾಧಾನ ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ.

ಚೌಕಾಸಿ. ಕೆಲಸ ಸಿಕ್ಕರೆ ವೇಳಾಂಕಣ್ಣಿಗೆ ಬರುತ್ತೇನೆ, ವೀಸಾ ಬಂದರೆ ದಶಮಾಂಶ ತಪ್ಪಿಸುವುದಿಲ್ಲ ಎಂಬ ಮಾತು ಎಲ್ಲ ಪಂಗಡಗಳಲ್ಲೂ ಇದೆ. ಕೃತಜ್ಞತೆಯಿಂದ ಯಾತ್ರೆ ಹೋಗುವುದು ಸುಂದರವಾದದ್ದು. ಕೊಟ್ಟರೆ ಕೊಡುತ್ತೇನೆ ಎಂಬ ಲೆಕ್ಕ ಶುರುವಾದರೆ ತಂದೆ ವ್ಯಾಪಾರಿಯಾಗುತ್ತಾನೆ, ಕೇಳಿದ್ದು ಬಾರದ ದಿನ ಸಂಬಂಧವೇ ಮುರಿಯುತ್ತದೆ. ಪೌಲನು ತನ್ನ ಮೈಯಲ್ಲಿ ಮುಳ್ಳಿನಂತೆ ಕಾಡುತ್ತಿದ್ದ ಬಾಧೆಯನ್ನು ತೆಗೆದುಹಾಕೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಗೆತ್ಸೆಮನೆ ತೋಟದಲ್ಲಿ ಯೇಸುವೂ ಈ ಕಷ್ಟದ ಪಾತ್ರೆ ತೊಲಗಲಿ ಎಂದು ಬೇಡಿದ. ಬೇಡಿದ್ದು ಸಿಗದವರ ಸಾಲಿನಲ್ಲಿ ದೇವರ ಮಗನೇ ಇದ್ದಾನೆ. ಆದ್ದರಿಂದ ‘ನಿಮ್ಮ ನಂಬಿಕೆ ಸಾಲದು’ ಎಂದು ರೋಗಿಯ ಮುಖಕ್ಕೆ ಹೇಳುವವರ ಮಾತನ್ನು ದಯವಿಟ್ಟು ತಲೆಗೆ ಹಾಕಿಕೊಳ್ಳಬೇಡಿ.

‘ದೇವರು ನನಗೆ ಹೇಳಿದರು.’ ಮದುವೆ, ಹಣ, ಕೆಲಸ ಬಿಡುವುದು, ಈ ಮೂರರಲ್ಲಿ ಈ ಮಾತು ಬಹಳ ಹಾನಿ ಮಾಡುತ್ತದೆ. ಎಲ್ಲವನ್ನೂ ಪರೀಕ್ಷಿಸಿರಿ ಎಂದು 1 ಥೆಸಲೊನೀಕ 5:21 ಹೇಳುತ್ತದೆ. ವಾಕ್ಯಕ್ಕೆ ವಿರುದ್ಧವಾಗಿದೆಯೇ? ಈಗಲೇ, ಇವತ್ತೇ ಎಂದು ಅವಸರಪಡಿಸುತ್ತಿದೆಯೇ? ಇದರಿಂದ ಲಾಭವಾಗುವುದು ಹೇಳಿದವರಿಗೇನಾ? ನಂಬಿಕೆಯಲ್ಲಿ ಹಳಬರಾದ ಇಬ್ಬರಿಗೆ ಹೇಳಿ, ಕಡೇಪಕ್ಷ ಒಂದು ವಾರ ಕಾಯಿರಿ. ನಿಜವಾಗಿ ಆತನ ಮಾತಾಗಿದ್ದರೆ ಒಂದು ವಾರಕ್ಕೆ ಹಳಸುವುದಿಲ್ಲ.

ಒಣಗುವುದು. ಎರಡು ಮೂರು ತಿಂಗಳಾದ ಮೇಲೆ ಏನೂ ಅನಿಸದ ದಿನಗಳು ಬಂದೇ ಬರುತ್ತವೆ. ಭಾವ ಬತ್ತಿದರೆ ದೇವರು ಹೋದ ಅಂತಲ್ಲ. ಕಾರಣ ಹುಡುಕುವಾಗ ಮೊದಲು ಮೈಯಿಂದ ಶುರುಮಾಡಿ. 1 ಅರಸುಗಳು 19ರಲ್ಲಿ ಎಲೀಯ ಸಾಯಬೇಕೆಂದು ಅಡವಿಯಲ್ಲಿ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ನಿದ್ದೆ ಕೆಟ್ಟಿದೆಯೇ ನೋಡಿ. ಆಮೇಲೆ ಮತ್ತಾಯ 5:23–24 ನೋಡಿ: ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು. ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದರೆ ಪ್ರಾರ್ಥನೆ ಒಣಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಇವೆರಡೂ ಅಲ್ಲದಿದ್ದರೆ ಹೊತ್ತನ್ನು ಅರ್ಧಕ್ಕಿಳಿಸಿ, ಜಾಗ ಬಿಡಬೇಡಿ. 88ನೆಯ ಕೀರ್ತನೆ ಓದಿ. ಅದು ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪ್ರಾರ್ಥನೆಯೆಂದು ದೇವರು ತನ್ನ ಪುಸ್ತಕದಲ್ಲಿ ಇರಗೊಟ್ಟಿದ್ದಾನೆ.

ನಾಲ್ಕು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ. ಇವತ್ತಿನ ಭಾಗ ಓದಿ, ಅಷ್ಟೇ.

ಒಂದು ಗಂಭೀರ ಮಾತು. ಕ್ಷಮೆ ಕೇಳಿದ ಪಾಪವನ್ನೇ ದಿನಕ್ಕೆ ಹತ್ತಾರು ಸಲ ಮತ್ತೆ ಮತ್ತೆ ಅರಿಕೆ ಮಾಡದೆ ಇರಲಾಗದಿದ್ದರೆ, ಅಥವಾ ಎರಡು ವಾರದಿಂದ ಊಟ ನಿದ್ದೆ ಬಿಟ್ಟು ಮನಸ್ಸು ಕುಸಿದಿದ್ದರೆ, ಪ್ರಾರ್ಥನೆಯ ಹೊತ್ತು ಹೆಚ್ಚಿಸುವುದು ಮದ್ದಲ್ಲ. ಮನೋವೈದ್ಯರನ್ನು ಕಾಣಿ. ಅದು ಅಪನಂಬಿಕೆ ಅಲ್ಲ. ಪೌಲನ ಸಂಗಡ ಇದ್ದ ಲೂಕನೂ ವೈದ್ಯನೇ.

ಒಬ್ಬರೇ ಅಲ್ಲ

ವೈಯಕ್ತಿಕ ಸಂಬಂಧ ಅಂದರೆ ಒಂಟಿ ಸಂಬಂಧವಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತೇ ಇಲ್ಲ, ಎಲ್ಲವೂ ‘ನಮ್ಮ’. ಭಾನುವಾರದ ಆರಾಧನೆ, ಕರ್ತನ ಭೋಜನ ಅಥವಾ ಬಲಿಪೂಜೆಯನ್ನು ಬಿಟ್ಟು ಮನೆಯಲ್ಲೇ ದೇವರೊಂದಿಗೆ ಇರುತ್ತೇನೆ ಅನ್ನುವವರ ನಂಬಿಕೆ ಮೆಲ್ಲಮೆಲ್ಲಗೆ ಅವರ ಸ್ವಭಾವದ ಆಕಾರಕ್ಕೇ ತಿರುಗಿಬಿಡುತ್ತದೆ. ಎದುರು ಹೇಳುವವರು ಯಾರೂ ಇರುವುದಿಲ್ಲ. ಅಯ್ಯನವರೋ ಫಾದರೋ ಸಭೆಯ ಹಿರಿಯಕ್ಕನೋ, ನಿಮಗಿಂತ ಮುಂದೆ ನಡೆದವರೊಬ್ಬರನ್ನು ತಿಂಗಳಿಗೊಮ್ಮೆ ಕಂಡು ಮಾತಾಡಿ. ಗುಟ್ಟು ಕಾಪಾಡುವವರು, ಹಣ ಕೇಳದವರು, ‘ನನಗೂ ಗೊತ್ತಿಲ್ಲಮ್ಮ’ ಅನ್ನಬಲ್ಲವರು ಆಗಿರಲಿ. ‘ಆತ್ಮಿಕ ಜೀವನ ಹೇಗಿದೆ’ ಎಂಬ ಪ್ರಶ್ನೆಗೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಈ ವಾರ ಏನು ಓದಿದೆ, ಯಾರನ್ನು ಇನ್ನೂ ಕ್ಷಮಿಸಿಲ್ಲ, ಯಾವುದನ್ನು ದೇವರ ಮುಂದೆ ಹೇಳದೆ ಬಿಟ್ಟಿದ್ದೀ ಎಂದು ಕೇಳುವವರು ಬೇಕು.

ಮಾರ್ಕ ಮುಗಿದ ಮೇಲೆ ಯೋಹಾನ ತೆಗೆಯಿರಿ, 21 ಅಧ್ಯಾಯ. ಅದರ 15ನೆಯ ಅಧ್ಯಾಯದಲ್ಲಿ, ದ್ರಾಕ್ಷಿಬಳ್ಳಿಯ ಮಾತಿನಲ್ಲಿ, ಒಂದು ವಾರವಾದರೂ ಇರಿ. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, ನಾಲ್ಕೇ ಅಧ್ಯಾಯ. ನಂತರ ಆದಿಕಾಂಡಕ್ಕೆ ಹೋದರೆ ದಾರಿ ಸಲೀಸು. ಮೂರು ತಿಂಗಳಿಗೊಮ್ಮೆ ಬೇಡಿಕೆಯ ಪುಟಗಳನ್ನು ಕೂತು ಓದಿ. ತಾರೀಖು ಬಿದ್ದವಕ್ಕೆ ಸ್ತೋತ್ರ ಹೇಳಿ, ಬೀಳದವನ್ನು ಹೊಸ ಪುಟಕ್ಕೆ ಬರೆದುಕೊಳ್ಳಿ. ಬರೆಯುವಾಗ ಹೆಸರುಗಳನ್ನು ನೋಡಿ: ಬರೀ ನಮ್ಮ ಮನೆಯವರೇ ಇದ್ದರೆ ಪಕ್ಕದ ಮನೆಯವರದ್ದು ಒಂದು, ನಮಗೆ ಆಗದವರದ್ದು ಒಂದು ಸೇರಿಸಿ.